ಹನ್ನೊಂದನೆಯ ನಿಮಿಷದಲ್ಲಿ ನಿಂತ ಪಾರಣೆ

೨೦೦೩ನೆಯ ಇಸವಿ ಸೆಪ್ಟೆಂಬರ್ ೧೦, ಬುಧವಾರ. ಆಧಾರ: ಆ ವರ್ಷದ ನನ್ನ ದಿನಚರಿ. ಪಂಚಾಂಗದೊಡನೆ ಹೋಲಿಸಿದ್ದೇನೆ, ಅನಂತ ಚತುರ್ದಶಿಯ ಮರುದಿನ, ತಿಥಿ ವಾರಗಳು ಹೊಂದುತ್ತವೆ. ಅಂದು ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅಮ್ಮ ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸ ಮುಗಿಸಿ ಪಾರಣೆ ಮಾಡಿದರು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಬ್ಯಾರಿ ಗೆಳೆಯನ ಕ್ಯಾಮೆರಾ ಎರವಲು ತಂದು ನಾನೇ ಚಿತ್ರೀಕರಿಸಿದ್ದೆ. ದಿನಚರಿಯ ಕೊನೆಯ ಸಾಲು: 'ತಂಗಿ ಮಧ್ಯಾಹ್ನ ತಲುಪಿದಳು.'

ನೆರಿಯಕ್ಕೆ ಮದುವೆಯಾಗಿ ಹೋದ ತಂಗಿ ಈ ಸಾಲನ್ನು ಒಪ್ಪಿದವಳಲ್ಲ. ಉಪವಾಸ ಬಿಡಿಸುವ ಮೊದಲ ಚಮಚ ನೀರನ್ನು ಅಮ್ಮನ ಬಾಯಿಗೆ ತಾನೇ ಹಾಕಿದ್ದೆಂಬುದು ಅವಳ ನೆನಪು. ಅಮ್ಮ ತೀರಿಕೊಂಡ ವರ್ಷ ನೆಂಟರ ಮುಂದೆ ಅವಳು ಅದನ್ನು ಹೇಳುತ್ತಿದ್ದಾಗ ನಾನು ಒಳಗಿನಿಂದ ದಿನಚರಿ ತಂದು ಓದಿದೆ. ಅವಳು ಮತ್ತೆ ಆ ಮಾತೆತ್ತಿದ್ದು ೨೦೨೪ರ ನವೆಂಬರಿನಲ್ಲಿ: ಅಂದು ಚಿತ್ರೀಕರಿಸಿದ ಕ್ಯಾಸೆಟ್ಟನ್ನು ತನ್ನ ಮನೆಯ ಹಳೆಯ ಪ್ಲೇಯರಿಗೆ ಹೊಂದುವಂತೆ ಡಿವಿಡಿ ಮಾಡಿಕೊಡಬೇಕಂತೆ. ಒಪ್ಪಿದೆ. ದಾಖಲೆ ನನ್ನ ಪರವೇ ಇರುವುದೆಂಬ ಧೈರ್ಯವಿತ್ತು.

ಗಲ್ಫ್ ಬಿಟ್ಟು ಬಂದ ಅದೇ ಗೆಳೆಯ ಈಗ ವಾಮದಪದವಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕ್ಯಾಸೆಟ್ಟಿನಲ್ಲಿದ್ದುದನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಟ್ಟವನು ಅವನು. ಡಿವಿಡಿ ಬರೆಯುವ ಕೆಲಸವನ್ನು ನಾನು ವಹಿಸಿಕೊಂಡೆ. ಮೊದಲನೆಯ ಡಿಸ್ಕಿಗೆ ಕಡತವನ್ನು ಹಾಗೆಯೇ ನಕಲು ಮಾಡಿದ್ದೆ. ತಂಗಿಯ ಪ್ಲೇಯರು ಅದನ್ನು ಗುರುತಿಸಲಿಲ್ಲ. ಎರಡನೆಯದರಲ್ಲಿ ಡಿವಿಡಿ ವಿಡಿಯೊ ಕ್ರಮವನ್ನೇ ಅನುಸರಿಸಿದರೂ ಕೊನೆಗೆ ಡಿಸ್ಕನ್ನು ಮುಕ್ತಾಯಗೊಳಿಸುವ ಆಜ್ಞೆ ಕೊಡಲು ಮರೆತದ್ದರಿಂದ ಅದೂ ಓಡಲಿಲ್ಲ. ಮೂರನೆಯದು ಓಡಿತು. ಆ ಸಂಜೆ ತಂಗಿಯ ಫೋನು ಬಂತು.

"ಅಣ್ಣ, ಹನ್ನೊಂದನೇ ನಿಮಿಷಕ್ಕೆ ನಿಲ್ತದೆ. ಅಮ್ಮ ಕೈ ಮುಗಿದು ಬಾಯಿ ತೆರೆಯುವಲ್ಲಿಗೆ ಸರಿಯಾಗಿ. ಮತ್ತೆ ಬರಬೇಕಾದ್ದು ನನ್ನ ಕೈ."

ಡಿಸ್ಕನ್ನು ತರಿಸಿಕೊಂಡು ವಾಮದಪದವಿಗೆ ಒಯ್ದೆ. ಗೆಳೆಯ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದ, ಮೂಸಿ ನೋಡಿದ.

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು ಮಾರಾಯ್ರೆ? ಒಗ್ಗರಣೆ ಒಂದು ಬಾಕಿ ಉಂಟು."

ಹಚ್ಚಿದವನು ನಾನೇ. ಮೂವತ್ತು ವರ್ಷ ಓಲೆಗರಿ ಹಸ್ತಪ್ರತಿಗಳ ನಡುವೆ ಕಳೆದವನು. ಗರಿ ಬಾಳಬೇಕಾದರೆ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕೆಂಬುದು ಕೈಗೆ ಹತ್ತಿದ ಅಭ್ಯಾಸ. ಅಮ್ಮ ಇರುವ ಡಿಸ್ಕು ನೂರು ವರ್ಷ ಬಾಳಲಿ ಎಂದು ಅದಕ್ಕೂ ಒರೆಸಿದ್ದೆ. ಡಿಸ್ಕನ್ನು ಓದುವ ಬೆಳಕು ಒಳಗಿನಿಂದ ಹೊರಕ್ಕೆ ಸಾಗುವುದೆಂದೂ ಎಣ್ಣೆ ದಪ್ಪವಾಗಿ ಕುಳಿತ ಸುತ್ತಿಗೆ ಬರುವಾಗ ತಡವರಿಸುವುದೆಂದೂ ಗೆಳೆಯ ವಿವರಿಸಿದ. ಇದನ್ನು ಒರೆಸುತ್ತ ಕೂರುವ ಬದಲು ತನ್ನಲ್ಲಿ ಉಳಿದಿದ್ದ ಪ್ರತಿಯಿಂದ ಹೊಸ ಡಿಸ್ಕಿಗೆ ಅತಿ ನಿಧಾನದ ವೇಗದಲ್ಲಿ ತಾನೇ ಬರೆದುಕೊಟ್ಟ. ಕೆಲಸ ನಡೆಯುವಷ್ಟು ಹೊತ್ತು ನಾನು ಆ ಯಂತ್ರದ ಎದುರಿನಿಂದ ಏಳಲಿಲ್ಲ. ಗರಿಯ ಮೇಲೆ ಕೊರೆಯುವ ಲೋಹದ ಕಂಟವಿಲ್ಲ, ಮಸಿಯಿಲ್ಲ. ಅಮ್ಮನ ಉಸಿರಾಟವನ್ನು ಒಂದು ಕಿರಣ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊರೆಯುತ್ತಿತ್ತು. ಬಸದಿಯಲ್ಲಿ ನಿಂತ ಹಾಗೆ ಅನಿಸಿತು.

"ಪೂರ್ತಿ ನೋಡಿದ್ದೀರಾ ನೀವು?" ಎಂದು ಗೆಳೆಯ ಕೇಳಿದ.

ನೋಡಿರಲಿಲ್ಲ. ಪ್ರತಿಸಲವೂ ಆರಂಭದ ಎರಡು ನಿಮಿಷ ಪರೀಕ್ಷಿಸಿ ಬಿಟ್ಟಿದ್ದೆ. ಮೂಲವನ್ನು ಕೊನೆಯವರೆಗೆ ಓದದೆ ತೀರ್ಪು ಕೊಟ್ಟವರನ್ನು ಜೀವನವಿಡೀ ಟೀಕಿಸಿದವನು ನಾನು.

ಮರುದಿನ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ನೆರಿಯಕ್ಕೆ ಹೋದೆ. ತಂಗಿ ಟಿವಿಯ ಎದುರು ನೆಲದ ಮೇಲೆ ಕುಳಿತಳು. ಹನ್ನೊಂದನೆಯ ನಿಮಿಷ ದಾಟಿತು. ಅಮ್ಮ ಬಾಯಿ ತೆರೆದರು. ಪಕ್ಕದಿಂದ ಹಸಿರು ಬಳೆಯ ಕೈಯೊಂದು ಬೆಳ್ಳಿಯ ಚಮಚ ಹಿಡಿದು ಬಂತು. ಕೈಯ ಹಿಂದೆ ತಂಗಿಯ ಮುಖ. ನೀರು ಗಂಟಲಲ್ಲಿ ಇಳಿಯುವುದೂ ಕಾಣುತ್ತಿತ್ತು. ಕ್ಯಾಮೆರಾದ ಹಿಂದಿನಿಂದ ನನ್ನದೇ ಧ್ವನಿ: "ಸ್ವಲ್ಪ ಆಚೆ ಸರಿ, ಅಮ್ಮ ಕಾಣುವುದಿಲ್ಲ."

ಅಂದು ಅವಳನ್ನು ಕಂಡ ಕಣ್ಣು ನನ್ನದು, ಆಚೆ ಸರಿಯೆಂದ ಬಾಯಿಯೂ ನನ್ನದು. ಇಪ್ಪತ್ತೊಂದು ವರ್ಷ ಇದರ ಒಂದು ತುಣುಕೂ ನನ್ನಲ್ಲಿ ಉಳಿದಿರಲಿಲ್ಲ. ತಪ್ಪಾಯಿತೆಂದೆ. ತಂಗಿ ತಿರುಗಿ ನೋಡಲಿಲ್ಲ.

"ಇನ್ನೊಮ್ಮೆ ಹಾಕುವ," ಎಂದಳು.

ಮನೆಗೆ ಬಂದು ದಿನಚರಿ ತೆರೆದೆ. ಅಕ್ಷರ ನನ್ನದೇ, ಶಾಯಿಯೂ ಆ ಪುಟದ್ದೇ. ಹಳೆಯ ಸಾಲನ್ನು ಹೊಡೆದುಹಾಕದೆ ಅಂಚಿನಲ್ಲಿ ಪೆನ್ಸಿಲಿನಿಂದ ಸೇರಿಸಿದೆ: 'ಡಿವಿಡಿ, ಹನ್ನೆರಡನೆಯ ನಿಮಿಷ. ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೆಯ ತಾರೀಕು. ಗಡಿಯಾರದಲ್ಲಿ ಬೆಳಗಿನ ಏಳು ಇಪ್ಪತ್ತು. ತಂಗಿ ಇದ್ದಾಳೆ.'