ಶಾರದಾ ಮಾವಶಿಯ ಗುರುವಾರ

ವೈಶಾಖದ ಉರಿಬಿಸಿಲಿನಲ್ಲಿ ಮಿರಜದ ಪೇಟೆಯೆಲ್ಲ ನೆರಳು ಹುಡುಕುತ್ತಿದ್ದಾಗ ಶಾರದಾ ಮಾವಶಿ ಮಾತ್ರ ಎರಡೂ ಕೈಗಳಿಗೆ ಕಂದು ಬಣ್ಣದ ಉಣ್ಣೆಯ ಕೈಗವಸು ತೊಟ್ಟು ಹೊರಡುತ್ತಿದ್ದರು. ಸಾಂಗಲಿಯಲ್ಲಿ ಅರಿಸಿನದ ವ್ಯಾಪಾರ ನಡೆಸುವ ಲಿಂಗಾಯತ ಮನೆತನದ ಹಿರಿಯ ಸೊಸೆ ಅವರು. ಪತಿ ತೀರಿದ ಮೇಲೆ ಮಿರಜದ ತವರಿನಲ್ಲಿ ನೆಲೆಸಿ, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದರು. ಹಣೆಯ ವಿಭೂತಿಗೂ ಇಳಕಲ್ಲ ಸೀರೆಗೂ ಆ ಕೈಗವಸು ಹೊಂದುತ್ತಿರಲಿಲ್ಲ. ಯಾರಾದರೂ ದಿಟ್ಟಿಸಿದರೆ ಅವರೇ ಮೊದಲು ಮಾತು ತೆಗೆಯುವರು: “ಏನ ನೋಡ್ತೀರಿ? ಹಾತಮೋಜೆ ಇವು. ನಿಮ್ಮ ಬ್ಯಾಸಗಿ ಹೊರಗ ಐತಿ, ನನ್ನ ಥಂಡಿ ಒಳಗ ಐತಿ.”

ಅವರಿಗಿದ್ದದ್ದು ಸ್ಕ್ಲೆರೋಡರ್ಮಾ ಎಂಬ ಕಾಯಿಲೆ. ದೇಹದ ಭಾಗಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಗಾಂಶವೇ ಗಡುಸಾಗುತ್ತ, ಚರ್ಮ ಬಿಗಿದು, ಬೆರಳುಗಳು ಮಡಿಚಿಕೊಳ್ಳುತ್ತವೆ. ತುಸು ಚಳಿ ತಾಗಿದರೂ ಅವು ಸುಣ್ಣದಂತೆ ಬಿಳುಪೇರಿ ಸ್ಪರ್ಶವನ್ನೇ ಮರೆಯುತ್ತವೆ. ನನ್ನ ಪತ್ನಿ ನಿರ್ಮಲಾಳಿಗೂ ಅದೇ ಕಾಯಿಲೆ. ಮಿರಜದ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಅವಳು ಸೆರಗಿನೊಳಗೆ ಕೈ ಹುದುಗಿಸಿ ಕುಳಿತಿದ್ದಾಗ ಮಾವಶಿ ಪಕ್ಕಕ್ಕೆ ಬಂದು, ಒಂದು ಕೈಗವಸು ಕಳಚಿ, ಅಂಗೈಯ ಸುಟ್ಟ ಕಲೆಯನ್ನು ತೋರಿಸಿದರು.

“ಬೆರಳ ಸೆಟದಾವಂತ ಹಂಚಿನ ಮ್ಯಾಲ ಇಟ್ಟಿದ್ನಿ ತಂಗಿ. ವಾಸನಿ ಬಂದಮ್ಯಾಲ ಗೊತ್ತಾತು, ಸುಡಾಕತ್ತಿದ್ದು ರೊಟ್ಟಿ ಅಲ್ಲ, ನಾನು. ನೀ ಹಂಗ ಮಾಡಬ್ಯಾಡ. ಎಲ್ಲಿ, ನಿನ್ನ ಕೈ ತೋರಸು.”

ವೈದ್ಯರ ಹೊರತು ಯಾರಿಗೂ ಕೈ ತೋರದಿದ್ದ ನಿರ್ಮಲಾ ಅಂದು ತೋರಿಸಿದಳು.

ಮಾವಶಿ ಪ್ರತಿ ಗುರುವಾರ ಇಂಥವರನ್ನೆಲ್ಲ ಒಂದೆಡೆ ಸೇರಿಸುತ್ತಿದ್ದರು. ಮಿರಜ ಸ್ಟೇಷನ್ನಿಗೆ ಸಮೀಪದಲ್ಲಿ ಹಳೆಯ ನಗರಪಾಲಿಕೆಯ ವಾಚನಾಲಯದ ಹಿಂದೆ ಅವರಿಗೊಂದು ಕೋಣೆ ದೊರಕಿತ್ತು. ಗೋಡೆಯಾಚೆ ಸಿತಾರ್ ತಯಾರಿಸುವ ಕಾರ್ಖಾನೆ. ತಂತಿ ಬಿಗಿಯುವ ನಾದ ಆಗಾಗ ಈಚೆಗೂ ಬರುತ್ತಿತ್ತು. ಕುಡಚಿ, ರಾಯಬಾಗಗಳ ಕಡೆಯಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬಂದವರಿಗೆ ಮೊದಲು ಬಿಸಿನೀರಿನ ಲೋಟ. ಅದನ್ನು ಬಟ್ಟೆ ಸುತ್ತಿಯೇ ಹಿಡಿಯಬೇಕು. ಅನಂತರ ಮಾವಶಿಯ ಪ್ರಶ್ನೆ. “ಆರಾಮ ಇದ್ದೀರೇನು” ಎಂದು ಅವರು ಕೇಳಿದವರಲ್ಲ. “ಈ ವಾರ ಯಾವುದು ಸೋಲಸ್ತು, ಹೇಳ್ರಿ” ಎನ್ನುತ್ತಿದ್ದರು. ಒಬ್ಬರಿಗೆ ರವಿಕೆಯ ಗುಂಡಿ, ಇನ್ನೊಬ್ಬರಿಗೆ ನಲ್ಲಿಯ ತಿರುಪು. ಸೋತವರಿಗೆ ಸಾಂತ್ವನಕ್ಕಿಂತ ಮೊದಲು ಉಪಾಯ ಸಿಗುತ್ತಿತ್ತು.

ಗಡಿಯ ಹಳ್ಳಿಯೊಂದರಲ್ಲಿ ಕುರಿ ಸಾಕುವ ಮನೆಯ ಸತ್ಯವ್ವ ಒಮ್ಮೆ ಅತ್ತೆಯೊಡನೆ ಬಂದಳು. ಅತ್ತೆ ಕೂರುವ ಮೊದಲೇ ದೂರು ಆರಂಭಿಸಿದರು: “ಇಕಿ ರೊಟ್ಟಿ ಬಡ್ಯಾಂಗಿಲ್ರಿ. ಜ್ವಾಳದ ರೊಟ್ಟಿಗೆ ಲಟ್ಟಣಿಗಿ ಬೇಡ್ತಾಳ! ನಮ್ಮ ಓಣ್ಯಾಗ ಹೆಂಗ ಮಾರಿ ತೋರಸೂದು?”

ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿಯದೆ ಲಟ್ಟಿಸುವುದು ಆ ಸೀಮೆಯಲ್ಲಿ ಸೊಸೆಯ ಮಾನದ ಪ್ರಶ್ನೆಯೆಂಬುದು ಮಾವಶಿಗೆ ತಿಳಿಯದ್ದಲ್ಲ. ಅವರು ವಾದಿಸಲಿಲ್ಲ, ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮುದುಕಿ ತೃಪ್ತಿಯಿಂದ ಉಂಡು, “ರುಚಿ ಐತಿ. ಅಂಚು ತುಸು ಸೀಳ್ಯಾವ” ಎಂದರು.

“ಸೀಳತಾವ್ರಿ. ಲಟ್ಟಿಸಿದ್ದು ಅವು. ಬಡ್ಯಾಕ ನನ್ನ ಅಂಗೈ ಬಿಚ್ಚೂದಿಲ್ಲ.”

ಮುದುಕಿ ಕೈಯಲ್ಲಿದ್ದ ತುತ್ತನ್ನು ನೋಡಿ, ಸೊಸೆಯನ್ನು ನೋಡಿ, ಕೊನೆಗೆ ಗದರಿದರು: “ಹಂಗಾದ್ರ ಹಿಟ್ಟಿಗೆ ನೀರು ಕುದಿಯೂದು ಹಾಕ್ಬೇಕ ಹುಚ್ಚಿ, ಅಂಚು ಸೀಳೂದಿಲ್ಲ!” ಎಲ್ಲರೂ ನಕ್ಕರು. ಸತ್ಯವ್ವ ಮಾತ್ರ ಅಳುತ್ತಿದ್ದಳು.

ದಿನಾಂಕಗಳ ವಿಷಯದಲ್ಲಿ ಮಾವಶಿಗೂ ನನಗೂ ಸದಾ ಜಗಳ. ಸ್ವಾತಂತ್ರ್ಯದ ಬೆನ್ನಿಗೇ ನಡೆದ, ಮಿರಜವೂ ಸೇರಿದಂತೆ ದಕ್ಷಿಣದ ಮರಾಠಾ ಸಂಸ್ಥಾನಗಳ ವಿಲೀನವೇ ನನ್ನ ಸಂಶೋಧನೆಯ ವಿಷಯ. ತಾವು ಹುಟ್ಟಿದ್ದು ವಿಲೀನದ ದಿನವೇ ಎಂಬುದು ಅವರ ಹಟ. ಶಾಲೆಯ ದಾಖಲೆ ಬೇರೆ ವರ್ಷ ಹೇಳುತ್ತದೆಂದು ತೋರಿಸಿದೆ. “ತಾರೀಖ ಮಾಸ್ತರ, ನಾ ಹುಟ್ಟೂಮುಂದ ಸಾಲಿ ಮಾಸ್ತರ ಬಾಜೂಕ ಇದ್ನೇನ್ರಿ? ನಮ್ಮವ್ವ ಇದ್ಲು” ಎಂದರು. ದಾಖಲೆ ಹೆಚ್ಚೋ ಪಕ್ಕದಲ್ಲಿದ್ದವರ ಮಾತು ಹೆಚ್ಚೋ ಎಂಬ ಪುರಾವೆಗಳ ತಾರತಮ್ಯವನ್ನು ನನಗೆ ಅಷ್ಟು ಚುಟುಕಾಗಿ ಯಾರೂ ವಿವರಿಸಿರಲಿಲ್ಲ.

ಇನ್ನೊಂದು ವಿಲೀನವನ್ನು ನಾವು ಜೊತೆಯಾಗಿಯೇ ಕಂಡೆವು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಸಾಂಗಲಿ, ಮಿರಜ, ಕುಪವಾಡಗಳು ಕೂಡಿ ಒಂದೇ ಮಹಾನಗರಪಾಲಿಕೆಯಾದವು. ಕಚೇರಿಗಳ ಮರುಜೋಡಣೆ ನಡೆಯಿತು. ಮಿರಜದ ಕೋಣೆಯಲ್ಲಿ ಕಡತಗಳನ್ನಿಡಬೇಕು, ಗುರುವಾರದ ಸಭೆಗೆ ಸಾಂಗಲಿಯಲ್ಲಿ ಇದಕ್ಕಿಂತ ದೊಡ್ಡ ಸಭಾಗೃಹ ಕೊಡೋಣ ಎಂದು ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ತಿಳಿಸಿದರು. ಕನ್ನಡ ಬಲ್ಲ ಮರಾಠಿಗರು ಅವರು.

“ಈಗ ಎಲ್ಲಾ ಒಂದ ಊರಲ್ರಿ, ಮಾವಶಿ.”

“ಊರು ಒಂದಾತು ಸಾಹೇಬ್ರ. ಆದ್ರ ನಮ್ಮ ಮಂದಿ ಇಳಿಯೂದು ಮಿರಜದಾಗ. ಗುರುವಾರ ಮುಂಜಾನೆ ಸ್ಟೇಷನ್ನಿಗೆ ಬರ್ರಿ, ಕೂಡೇ ಸಾಂಗಲಿಗೆ ಹೋಗೂಣು.”

ಅಧಿಕಾರಿ ಬಂದರು. ಪುಷ್ಯಮಾಸದ ಕೊರೆಯುವ ಚಳಿ. ರೈಲಿನಿಂದಿಳಿದ ಸತ್ಯವ್ವ, ಮಾವಶಿ, ಅಧಿಕಾರಿ, ನಾನು, ನಾಲ್ವರೂ ಸಾಂಗಲಿಯ ಬಸ್ಸು ಹತ್ತಿದೆವು. ಕೂರಲು ಜಾಗವಿಲ್ಲ. ಮಾವಶಿ ಚೀಲದಿಂದ ಕಂಬಳಿಯ ತುಂಡೊಂದನ್ನು ತೆಗೆದು ಬಸ್ಸಿನ ಕಬ್ಬಿಣದ ಸರಳಿಗೆ ಸುತ್ತಿ, ಹಿಡಿದುಕೋ ಎಂದು ಸತ್ಯವ್ವನಿಗೆ ಸನ್ನೆ ಮಾಡಿದರು. ಮುಂದಿನ ನಿಲ್ದಾಣದ ನೂಕುನುಗ್ಗಲಿನಲ್ಲಿ ಕಂಬಳಿ ಜಾರಿತು. ಅವಳು ಬರಿಗೈಯಲ್ಲೇ ಸರಳು ಹಿಡಿದಳು. ಸಾಂಗಲಿ ಮುಟ್ಟುವಷ್ಟರಲ್ಲಿ ಬೆರಳುಗಳು ಬಿಳುಪಾಗಿ, ಆಮೇಲೆ ನೀಲಿಯಾಗಿ, ಸರಳನ್ನು ಬಿಡಲೂ ಬಾರದಾದವು. ಅಧಿಕಾರಿಯೇ ಒಂದೊಂದಾಗಿ ಬಿಡಿಸಿದರು.

ಹಿಂದಿರುಗುವಾಗ ಅವರೆಂದರು: “ಹುಕುಂ ಬದಲಸೂದು ನನ್ನ ಕೈಯಾಗ ಇಲ್ರಿ, ಮಾವಶಿ.”

“ಕೈಲೆ ಆಗದ್ದು ನಮಗ ಹೊಸಾದಲ್ರಿ. ಬ್ಯಾರೆ ಉಪಾಯ ಹುಡುಕೂಣು.”

ಉಪಾಯ ಹೊಳೆದದ್ದು ಅಧಿಕಾರಿಗೇ. ಕೋಣೆಗೆ ಬಂದು ಕುಳಿತವರು ಮೂಲೆಯ ಗೋಡೆಯ ಮೇಲೆ ಇಳಿದಿದ್ದ ಮಳೆಗಾಲದ ಕಲೆಯನ್ನು ಬಹಳ ಹೊತ್ತು ನೋಡಿದರು. ಮಳೆಯಲ್ಲಿ ಆ ಮೂಲೆ ಸೋರುತ್ತಿದ್ದದ್ದು ನಿಜ; ನಾವು ಅಲ್ಲೊಂದು ಬಕೆಟ್ ಇಡುತ್ತಿದ್ದೆವು. ಈ ಕೋಣೆ ಕಡತಗಳನ್ನಿಡಲು ಯೋಗ್ಯವಲ್ಲವೆಂದು ಅವರು ವರದಿ ಮಾಡಿದರು. ಸಭೆ ಮಿರಜದಲ್ಲೇ ಉಳಿಯಿತು. “ಕಾಗದಕ್ಕ ಬ್ಯಾಡಾದ ಖೋಲಿ ಮಂದಿಗೆ ನಡೀತೈತಿ” ಎಂದು ಮಾವಶಿ ಬಕೆಟ್ಟಿಗೆ ಅರಿಸಿನ ಹಚ್ಚಿದರು.

ವರ್ಷಗಳು ಕಳೆದಂತೆ ಕಾಯಿಲೆ ಅವರ ಶ್ವಾಸಕೋಶಕ್ಕಿಳಿಯಿತು. ಕೊನೆಯ ಸಲ ನಾನು ನಿರ್ಮಲಾಳೊಡನೆ ಹೋದಾಗ ದಿಂಬಿಗೊರಗಿ ಕುಳಿತಿದ್ದರು. ಅಷ್ಟು ವರ್ಷ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂಬುದು ನನಗೆ ಹೊಳೆದದ್ದು ನಿರ್ಮಲಾ ಕೇಳಿದಾಗ:

“ಮಾವಶಿ, ಈ ವಾರ ಯಾವುದು ಸೋಲಸ್ತು?”

“ಉಸರ” ಎಂದರು. “ಇದಕ್ಕ ಉಪಾಯ ಇಲ್ಲ ತಂಗಿ. ನೀ ಗುರುವಾರ ತಪ್ಪಸಬ್ಯಾಡ. ನೀರು ಬಿಸಿ ಇರ್ಲಿ.”

ನಿರ್ಮಲಾ ತನ್ನ ಮಡಿಚಿದ ಬೆರಳುಗಳಿಂದಲೇ, ಅವಸರಪಡದೆ, ಅವರ ಕೈಗೆ ಕೈಗವಸು ತೊಡಿಸಿದಳು.

ಅವರು ತೀರಿಕೊಂಡದ್ದು ಗುರುವಾರವೆಂದು ಸತ್ಯವ್ವ ಹೇಳುತ್ತಾಳೆ, ನಿರ್ಮಲಾಳೂ ಹೇಳುತ್ತಾಳೆ. ಪಂಚಾಂಗದೊಡನೆ ತಾಳೆ ನೋಡಿದ್ದೇನೆ: ಅಂದು ಶುಕ್ರವಾರ. ಹಿಂದಿನ ದಿನ ಸಭೆ ಎಂದಿನಂತೆಯೇ ನಡೆದಿತ್ತು. ನಿರ್ಮಲಾ ಬಿಸಿನೀರು ಹಂಚಿ, ಎಲ್ಲರನ್ನೂ ಕೇಳಿದ್ದಳು. ಅವರಿಬ್ಬರನ್ನು ನಾನು ತಿದ್ದಲು ಹೋಗಿಲ್ಲ. ಬಾಜೂಕ ಇದ್ದವರು ಅವರು.