ರಿವಾಲ್ವರಿಗೆ ಎಣ್ಣೆ ಬಿಟ್ಟವಳು

ರಂಗಮ್ಮ, ನಿಮ್ಮಪ್ಪ ಆ ರಿವಾಲ್ವರನ್ನು ಮುಟ್ಟಿರಲಿಲ್ಲ. ಕೆಡಿಸಿದವಳು ನಾನು. ಕೆಡಿಸಿ, ಅವನ ಹೆಸರು ಹೇಳಿದವಳೂ ನಾನೇ.

ಇದನ್ನು ಮೊದಲೇ ಹೇಳಿಬಿಡಬೇಕು — ಕಾರಣಗಳನ್ನು ಮುಂದಿಟ್ಟುಕೊಂಡು ಹೊರಟರೆ ಕೊನೆಗೆ ನಾನೇ ಒಳ್ಳೆಯವಳಾಗಿ ಕಾಣುತ್ತೇನೆ. ಹಾಗೆ ಕಾಣಿಸಿಕೊಂಡೇ ಇಷ್ಟು ವರ್ಷ ಬದುಕಿದ್ದಾಯಿತು.

ನೀನು ಆಗಷ್ಟೇ ಮದುವೆಯಾಗಿ ಯಲ್ಲದಕೆರೆಗೆ ಹೋಗಿದ್ದೆ. ಮತ್ತೋಡಿನ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತೋ ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮವರೂ ನನ್ನ ಮೈದುನನೂ ಸೇರಿ ಜಲ್ಲಿ ಕ್ರಷರ್ ನಡೆಸುತ್ತಿದ್ದರಲ್ಲ, ಅದರ ಪಾಲಿನ ವಿಷಯಕ್ಕೆ ಅಣ್ಣ ತಮ್ಮಂದಿರ ಮಾತು ಕೆಟ್ಟಿತ್ತು. ಯಾರೋ ನಮ್ಮ ಜೀಪಿಗೆ ಕಲ್ಲು ತೂರಿದರು. ಅದನ್ನೇ ಹಿಡಿದುಕೊಂಡು ನಮ್ಮವರು ಓಡಾಡಿ ಲೈಸೆನ್ಸ್ ಮಾಡಿಸಿ ರಿವಾಲ್ವರ್ ತಂದರು.

ಅದು ಬಂದ ಮೇಲೆ ಧೈರ್ಯ ಬರಬೇಕಿತ್ತು. ಬಂದದ್ದು ಅನುಮಾನ. ಫೋನ್ ಬಂದು ಕಟ್ಟಾದರೆ ತಮ್ಮನ ಕೆಲಸ. ಬೀದಿಯಲ್ಲಿ ಗುರುತಿಲ್ಲದ ಬೈಕ್ ನಿಂತರೆ ತಮ್ಮ ಕಳಿಸಿದವನು. ನಾನು ಅಂಗಡಿ ಮುಂದೆ ಓರಗಿತ್ತಿಯ ಜೊತೆ ನಿಂತು ಮಾತಾಡಿದರೆ, "ಏನು ಸುದ್ದಿ ಕೊಟ್ಟೆ ಅವಳಿಗೆ?" ಎಂದು ಊಟದ ಹೊತ್ತಿನವರೆಗೂ ಕೇಳುತ್ತಿದ್ದರು.

ಒಂದು ಭಾನುವಾರ ಮೈದುನ ತಾನಾಗಿಯೇ ರಾಜಿಗೆ ಬಂದ. ಮಾತು ಹತ್ತಲಿಲ್ಲ, ಎದ್ದು ಹೊರಟ. ನಮ್ಮವರು ಕೋಣೆಯ ಕಿಟಕಿಗೆ ಬಂದು, ಖಾಲಿ ರಿವಾಲ್ವರನ್ನು ಅವನ ಬೆನ್ನಿಗೆ ಹಿಡಿದು ಟ್ರಿಗರ್ ಎಳೆದರು. ಟಕ್ ಎಂದಿತು, ಅಷ್ಟೇ. ಅವನಿಗೆ ಕೇಳಿಸಲೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮವರ ಮುಖ — ಅದು ತಮಾಷೆಯ ಮುಖವಾಗಿರಲಿಲ್ಲ, ರಂಗಮ್ಮ.

ಗುಂಡುಗಳನ್ನು ಅವರು ಬೇರೆ ಬೀಗ ಹಾಕಿ ಇಡುತ್ತಿದ್ದರು. ಆ ಕೀಲಿ ಅವರ ಉಡದಾರದಲ್ಲಿ. ರಿವಾಲ್ವರ್ ಇಡುತ್ತಿದ್ದ ಬೀರುವಿನ ಕೀಲಿ ಮಾತ್ರ ನನ್ನ ಕೈಗೆ ಸಿಗುತ್ತಿತ್ತು. ಹಿಂದೊಮ್ಮೆ ಹೊಲಿಗೆ ಮಿಷನ್ನಿಗೆ ಅಡುಗೆ ಎಣ್ಣೆ ಬಿಟ್ಟು, ಅದು ಅಂಟುಗಟ್ಟಿ ಚಕ್ರವೇ ತಿರುಗದಂತಾಗಿತ್ತು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅವರು ರಿವಾಲ್ವರ್ ಬಿಟ್ಟು ಹೊರಗೆ ಹೋದಾಗಲೆಲ್ಲ ಟ್ರಿಗರಿನ ಸಂದಿಗೆ, ಗುಂಡು ತುಂಬುವ ಉರುಳೆಯ ಬುಡಕ್ಕೆ ಕಡ್ಲೆಕಾಯಿ ಎಣ್ಣೆ ಬಿಟ್ಟು, ಮೇಲೆ ಕಾಣದಂತೆ ಒರೆಸಿ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಕುಳಿತಿದ್ದಾಗ ತಲೆಯೆತ್ತಿದೆ. ಹಿತ್ತಿಲ ಬಾಗಿಲಲ್ಲಿ ನಿಮ್ಮಪ್ಪ. ಮಜ್ಜಿಗೆಗೆಂದು ಚೊಂಬು ಹಿಡಿದು ಬಂದಿದ್ದ. ಗೊಬ್ಬರಕ್ಕೆಂದು ರಾತ್ರಿ ನಮ್ಮ ಹೊಲದಲ್ಲಿ ಕುರಿ ತರುಬಿಕೊಂಡು, ನಮ್ಮ ಜಗುಲಿಯಲ್ಲೇ ಮಲಗುತ್ತಿದ್ದವನು, ನಿನ್ನನ್ನು ಅಲ್ಲೇ ಎತ್ತಿ ಆಡಿಸಿದವನು. ನನ್ನ ತೊಡೆಯ ಮೇಲೆ ರಿವಾಲ್ವರ್, ಕೈಯಲ್ಲಿ ಎಣ್ಣೆ ಚಮಚ. ಅವನು ಕೇಳಿದ್ದೇನೂ ಇಲ್ಲ. "ಕೈ ಜ್ವಾಪಾನ, ಅವ್ವಾರೆ" ಅಂದ. ಖಾಲಿ ಚೊಂಬು ಹಿಡಿದುಕೊಂಡೇ ತಿರುಗಿ ಹೋದ.

ಅವತ್ತಿನಿಂದ ನಮ್ಮವರ ರೋಗ ನನಗೂ ಅಂಟಿತು. ನಿಮ್ಮಪ್ಪ ಅವರ ಹತ್ತಿರ ನಿಂತು ಬೀಡಿ ಹಚ್ಚಿದರೆ ನಾನು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಕುರಿಯ ಮಾತೋ, ನನ್ನ ಮಾತೋ? ಅವನು ನಕ್ಕರೆ ಯಾಕೆ ನಕ್ಕ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ — ಹೀಗೆ. ಅವನ ಮೌನವನ್ನು ನಾನು ನಂಬಲಿಲ್ಲ.

ಇತ್ತ ರಿವಾಲ್ವರ್ ಬಿಗಿಯಾಗುತ್ತಾ ಬಂತು. "ಇದ್ಯಾಕೋ ಬಲು ಬಿಗಿ ಐತೆ" ಎಂದು ನಮ್ಮವರು ಎರಡೂ ಹೆಬ್ಬೆರಳು ಕೊಟ್ಟು ಉರುಳೆ ತಿರುಗಿಸುತ್ತಿದ್ದರು. ಟ್ರಿಗರ್ ಎಳೆದೆಳೆದು ಬೆರಳು ಕೆಂಪಾಗುತ್ತಿತ್ತು. ಮಾರಿದವನು ಮೋಸ ಮಾಡಿದ ಎಂದು ಬೈದುಕೊಂಡರು. ನಾನು ಅನ್ನ ಬಡಿಸುತ್ತಿದ್ದೆ.

ಆಮೇಲೆ ಕ್ರಷರಿನಲ್ಲಿ ಜಗಳವಾಯಿತು. ಲಾರಿಯವರೆಲ್ಲ ನೋಡುತ್ತಿದ್ದಂತೆ ನಮ್ಮವರು ಗುಂಡು ತುಂಬಿದ ರಿವಾಲ್ವರನ್ನು ತಮ್ಮನ ಎದೆಗೆ ಹಿಡಿದರು. ಎಳೆದರು. ಟ್ರಿಗರ್ ಅಲ್ಲಾಡಲಿಲ್ಲ. ಅಷ್ಟರಲ್ಲಿ ನಾಲ್ಕು ಜನ ಸೇರಿ ಹಿಡಿದುಕೊಂಡರು. ಮೈದುನ ಇವತ್ತಿಗೂ ಬದುಕಿದ್ದಾನೆ, ಮಕ್ಕಳ ಮದುವೆ ಮಾಡಿದ್ದಾನೆ.

ಒಂದು ಜೀವ ಉಳಿಸಿದೆನಲ್ಲ — ಹೀಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ನಾನು ನಿನ್ನ ಮುಂದೆ ಒಪ್ಪಿಕೊಳ್ಳಬೇಕಾದದ್ದು ಎಣ್ಣೆಯನ್ನಲ್ಲ, ಮರುದಿನ ಆಡಿದ ಮಾತನ್ನು.

ನಮ್ಮವರು ಅದನ್ನು ಚಿತ್ರದುರ್ಗಕ್ಕೆ ಒಯ್ದು ಬಂದೂಕು ರಿಪೇರಿಯವನಿಂದ ಬಿಚ್ಚಿಸಿ ನೋಡಿ ಬಂದರು. ಬಂದವರು ಚಪ್ಪಲಿಯನ್ನೂ ಬಿಡಲಿಲ್ಲ.

"ಒಳಗೆಲ್ಲ ಅಡುಗೆ ಎಣ್ಣೆ ಅಂಟು ಕಟ್ಟೈತಂತೆ. ಯಾರು ಬಂದಿದ್ರು ಈ ಕೋಣಿಗೆ?"

ಗೊತ್ತಿಲ್ಲ ಅನ್ನಬಹುದಿತ್ತು. ನಾನೇ ಅನ್ನಬಹುದಿತ್ತು. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಒಂದೇ — ಮೊದಲು ಬಾಯಿ ಬಿಡುವವನು ನಿಮ್ಮಪ್ಪ ತಿಮ್ಮಣ್ಣನೇ.

"ನೀವಿಲ್ಲದಾಗ ತಿಮ್ಮಣ್ಣ ಬೀರು ಹತ್ರ ನಿಂತಿದ್ದ" ಅಂದೆ.

ನಿಮ್ಮಪ್ಪನನ್ನು ಅಂಗಳಕ್ಕೆ ಕರೆಸಿದರು. "ನನ್ನ ತಮ್ಮ ಏನು ಕೊಟ್ಟ ನಿಂಗೆ?" ಎಂದು ಕೊರಳಪಟ್ಟಿ ಹಿಡಿದರು.

"ನಾನು ಮುಟ್ಟಿಲ್ರಿ, ಯಜಮಾನ್ರೆ."

"ಹಂಗಾದ್ರೆ ಯಾರು?"

ಅವನು ನನ್ನನ್ನು ನೋಡಿದ. ಕಂಬ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು ಅವನಿಗೆ. ಆ ಮಾತು ಹೊರಬಿದ್ದರೆ ನನ್ನ ಗತಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ತಲೆ ತಗ್ಗಿಸಿ, "ನಂಗೇನೂ ಗೊತ್ತಿಲ್ರಿ" ಅಂದ.

ಅವತ್ತೇ ಕುರಿ ಹೊಡೆದುಕೊಂಡು ಹೋದ. ಉಂಡ ಮನೆಯ ಜಂತೆ ಎಣಿಸಿದವನು ಎಂದು ಸುತ್ತಲ ಹಳ್ಳಿಗೆಲ್ಲ ಸುದ್ದಿ ಹರಡಿತು. ಯಾರೂ ಅವನ ಕುರಿಯನ್ನು ಹೊಲದಲ್ಲಿ ತರುಬಿಸಿಕೊಳ್ಳಲಿಲ್ಲ. ಮಂದೆ ಮಾರಿ ನಿನ್ನ ಮನೆ ಸೇರಿದನೆಂದು ಆಮೇಲೆ ಕೇಳಿದೆ. ರಿವಾಲ್ವರನ್ನು ಪೊಲೀಸರು ಅವತ್ತೇ ಒಯ್ದಿದ್ದರೆ ಚೆನ್ನಾಗಿತ್ತು. ಕೇಸಾಗಿ ಲೈಸೆನ್ಸ್ ಹೋಗಲು ಇನ್ನೂ ಬಹಳ ದಿನ ಹಿಡಿಯಿತು. ಅಣ್ಣ ತಮ್ಮಂದಿರು ಪಾಲಾಗಿ ತಣ್ಣಗಾದರು. ನಿಮ್ಮಪ್ಪನನ್ನು ಮತ್ತೆ ಯಾರೂ ಕರೆಯಲಿಲ್ಲ. ನಾನೂ.

ಹೋದ ತಿಂಗಳು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ನನ್ನ ಚೀಲ ಇಸಿದುಕೊಂಡು ಬೆಂಚಿನ ಮೇಲೆ ಕೂರಿಸಿದೆ. ಆಮೇಲೆ ದನಿ ತಗ್ಗಿಸಿ ಅಂದೆ: "ಅಪ್ಪ ಮಾಡಿದ್ದು ಮನಸಲ್ಲಿ ಇಟ್ಕಾಬ್ಯಾಡ್ರಿ ಅವ್ವಾರೆ. ನಮ್ಮ ಮನ್ಯಾಗೂ ಬೀರು ಕೀಲಿ ಅವನ ಕೈಗೆ ಸಿಗದಂಗೆ ಇಟ್ಟಿರ್ತೀನಿ."

ನನ್ನ ಸುಳ್ಳು ನಿನ್ನ ಮನೆಯೊಳಗೆ ಬಂದು ಕುಳಿತಿತ್ತು. ಹೆತ್ತ ಮಗಳೇ ಅಪ್ಪನಿಂದ ಕೀಲಿ ಬಚ್ಚಿಡುತ್ತಿದ್ದಳು. ಆಗಲಾದರೂ ನಾನು — ನಾನು ಏನಂದೆ ನೆನಪಿದೆಯಾ? "ಇರಲಿ ಬಿಡವ್ವ, ಹಳೇದು" ಅಂದೆ. ಕ್ಷಮಿಸಿದವಳ ಹಾಗೆ.

ನಿನ್ನೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. "ನೀನು ಯಲ್ಲದಕೆರೆಗೆ ಹೋಗಬ್ಯಾಡ" ಎಂದಷ್ಟೇ ಅಂದರು. ಯಾಕೆಂದು ನಾನು ಕೇಳಲಿಲ್ಲ.

ಸೋಮವಾರ ಯಲ್ಲದಕೆರೆಗೆ ಬರುತ್ತೇನೆ. ಒಳಗೆ ಕರೆಯಬೇಕಿಲ್ಲ. ನಿನ್ನ ಗಂಡನನ್ನೂ ಅಕ್ಕಪಕ್ಕದವರನ್ನೂ ಕರೆದು ನಿಲ್ಲಿಸು, ನಿಮ್ಮಪ್ಪನ ಎದುರಿಗೇ ಹೇಳುತ್ತೇನೆ. ಅವನು "ಬಿಡ್ರಿ ಅವ್ವಾರೆ" ಎಂದು ನನ್ನ ಬಾಯಿ ಮುಚ್ಚಿಸಲು ನೋಡಬಹುದು — ನೋಡಿಯೇ ನೋಡುತ್ತಾನೆ. ಅವನ ಮಾತು ಕೇಳಬೇಡ, ರಂಗಮ್ಮ. ನನ್ನನ್ನು ಪೂರ್ತಿ ಹೇಳಲು ಬಿಡು.