ಊಟಕ್ಕೆ ಮುಂಚಿನ ಪ್ರಾರ್ಥನೆ

ತಿಪಟೂರಿನ ಕಾನ್ವೆಂಟೊಂದರಲ್ಲಿ ಎಲ್‌ಕೆಜಿ ಟೀಚರಾಗಿ ಸೇರಿ ವಾರವಾಗಿತ್ತಷ್ಟೆ. ಕಿಬ್ಬನಹಳ್ಳಿ ಕಡೆಯ ತಾತ ಒಬ್ಬರು ಕ್ಲಾಸಿನ ಬಾಗಿಲಿಗೆ ಬಂದು ನಿಂತರು.

“ನಮ್ಮ ಮೊಮ್ಮಗಳಿಗೆ ಪ್ರಾರ್ಥನೆ ಹೇಳ್ಕೊಟ್ಟೋರು ನೀವೇನಾ?”

ಊಟಕ್ಕೆ ಮುಂಚೆ ಕಣ್ಣು ಮುಚ್ಚಿ, ಕೈಮುಗಿದು ಯೇಸುವಿಗೆ ವಂದನೆ ಹೇಳಬೇಕೆಂದು ಮಕ್ಕಳಿಗೆ ಕಲಿಸಿದ್ದು ನಾನೇ. ಈಗಿನ ಕಾಲದಲ್ಲಿ ಗಲಾಟೆಗೆ ಅಷ್ಟು ಸಾಕು.

“ಎಲ್ಲ ದೇವರೂ ಒಂದೇ ಅಲ್ವಾ ಯಜಮಾನ್ರೇ…” ಎಂದು ತೊದಲಿದೆ.

“ದೇವ್ರ ವಿಚಾರ ಬುಡಿ ಮೇಡಂ. ಅವಳು ಹೇಳಿ ಮುಗಿಸೋವರ್ಗೂ ಮನೇಲಿ ಯಾರೂ ಮುದ್ದೆ ಮುರಿಯಂಗಿಲ್ಲ. ಅಷ್ಟೊತ್ತಿಗೆ ಆರಿ ಕಲ್ಲಾಗಿರ್ತದೆ ಕಣ್ರೀ. ಒಸಿ ಚಿಕ್ಕದ್ ಮಾಡಿ.”

ಮರುದಿನವೇ ಪ್ರಾರ್ಥನೆಯಲ್ಲಿ ಎರಡು ಸಾಲು ಕತ್ತರಿಸಿದೆ. ದೇವರು ಇದುವರೆಗೂ ಏನೂ ಅಂದಿಲ್ಲ. ದೊಡ್ಡ ಸಿಸ್ಟರ್‌ಗೆ ಇನ್ನೂ ಗೊತ್ತಾಗಿಲ್ಲ.